ಕಂಪ್ಯೂಟರಿಗೊಂದು ಗೇಟ್ ರಿಜಿಸ್ಟರ್

ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಗೇಟ್ ರಿಜಿಸ್ಟರ್ ಇದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಮತ್ತಿಗಿರಿಯ ನಮ್ಮ ಬೀದಿಯವರೆಲ್ಲ ಒಂದು ಸುತ್ತು ನಕ್ಕು ಮುಗಿಸಿದ್ದಾರೆ. ಹಾಗೆ ನಕ್ಕವರಲ್ಲಿ ನಾಲ್ಕು ಮನೆಯವರು ತಮ್ಮ ಕಂಪ್ಯೂಟರಿಗೆ ವೈರಸ್ ಹತ್ತಿದಾಗ ನಮ್ಮ ಬಾಗಿಲಿಗೇ ಬಂದು ನಿಂತರು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಹೆಮ್ಮೆಯ ಮಾತನ್ನು ಕೊನೆಯವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ನನಗಿಲ್ಲ. ಬೇರೆ ಒಂದು ಮಾತನ್ನು ಮಾತ್ರ ನಾಲ್ಕು ವರ್ಷ ಇಟ್ಟುಕೊಂಡಿದ್ದೆ. ಅದೂ ಬರುತ್ತದೆ, ಸ್ವಲ್ಪ ತಾಳಿ.

ರಿಜಿಸ್ಟರ್ ಅಟ್ಟದಿಂದ ಇಳಿದದ್ದು ಹೋದ ತಿಂಗಳು. ನನ್ನ ಹೆಂಡತಿ ಜಯಮ್ಮ ಹಳೆಯ ಪೇಪರಿನವನನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಅಟ್ಟದ ಮೇಲಿದ್ದುದನ್ನೆಲ್ಲ ಕೆಳಗೆ ಎಳೆಯುತ್ತಿದ್ದಳು. ಉದ್ದನೆಯ ಪುಸ್ತಕ, ರಟ್ಟಿನ ಹೊದಿಕೆ, ಬೆನ್ನಿಗೆ ಕೆಂಪು ಬಟ್ಟೆ.

"ಇದ್ಯಾವ್ದು ನೋಡಿ. ಹಾಕ್ಬುಡ್ಲ?" ಎಂದಳು.

ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಸೊಸೆ ವನಜಾ ಅದನ್ನು ಅತ್ತೆಯ ಕೈಯಿಂದ ತೆಗೆದುಕೊಂಡು, ಮೆಟ್ಟಿಲ ಮೇಲೆ ಕೂತು, ಗಟ್ಟಿಯಾಗಿ ಓದಲು ಶುರುಮಾಡಿದಳು.

"ಬೆಳಿಗ್ಗೆ 9-15. ಬಂದವರ ಹೆಸರು: ಇಂಗ್ಲಿಷಿನಲ್ಲಿದೆ, ಪೂರ್ತಿ ಓದಲಾಗಲಿಲ್ಲ. ಎಲ್ಲಿಂದ: ತಿಳಿಸಲಿಲ್ಲ. ಏನು ಕೆಲಸ: ತಿಳಿಸಲಿಲ್ಲ. ವಾಪಸ್ ಕಳಿಸಿದೆ. 9-16. ಅದೇ ವ್ಯಕ್ತಿ ಮತ್ತೆ ಬಂದರು. ವಾಪಸ್. 9-18. ಅದೇ ವ್ಯಕ್ತಿ. ಎಚ್ಚರಿಕೆ ಕೊಟ್ಟು ವಾಪಸ್." ಇಷ್ಟು ಓದುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. "ಕಂಪ್ಯೂಟರ್‌ಗೆ ಎಚ್ಚರ್ಕೆ ಹೆಂಗ್ ಕೊಟ್ರಿ ಮಾವ?"

"ಜೋರಾಗಿ ಹೇಳ್ದೆ," ಎಂದೆ.

ಸುಳ್ಳಲ್ಲ. ನಿಜವಾಗಿಯೂ ಜೋರಾಗಿ ಹೇಳಿದ್ದೆ.

ಅವಳು ಪುಟ ತಿರುವುತ್ತಾ ಹೋದಳು. ಪ್ರತಿ ಪುಟದ ಮೂಲೆಯಲ್ಲೂ ನಾನು ಕೈಯಾರೆ ಸಂಖ್ಯೆ ಹಾಕಿದ್ದೆ. ಇದ್ದಕ್ಕಿದ್ದಂತೆ ಅವಳ ಬೆರಳು ನಿಂತಿತು. "ಮಾವ, ಹದಿನಾರಾದ್ಮೇಲೆ ಹತ್ತೊಂಬತ್ತು ಐತೆ. ಮಧ್ಯ ಒಂದ್ ಹಾಳೆನೇ ಇಲ್ಲ."

"ಬೈಂಡಿಂಗ್ ಸರಿ ಇಲ್ಲಮ್ಮ," ಎಂದೆ.

ಬೈಂಡಿಂಗ್ ಸರಿಯಾಗಿಯೇ ಇತ್ತು. ಆ ಹಾಳೆ ಏಕಿಲ್ಲವೆಂದು ಹೇಳುವುದಕ್ಕೇ ಈ ಬರಹ. ಆದರೆ ಮೊದಲು ಗೇಟಿನ ಸಂಗತಿ ಹೇಳದಿದ್ದರೆ ನನ್ನ ತಪ್ಪಿನ ತೂಕ ನಿಮಗೆ ತಿಳಿಯುವುದಿಲ್ಲ. ತಪ್ಪು ಒಪ್ಪಿಕೊಳ್ಳುವ ನೆಪದಲ್ಲಿ ಹಳೆಯ ಕೆಲಸದ ಬಡಾಯಿ ಕೊಚ್ಚುತ್ತಿದ್ದಾನೆ ಎಂದು ನಿಮಗನಿಸಿದರೆ ಅದೂ ಸರಿಯೇ.

ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಗೇಟ್ ಕಾದವನು ನಾನು. ಹೈಸ್ಕೂಲು ಮುಗಿಸಿದವನಿಗೆ ಆ ಕಾಲದಲ್ಲಿ ಒಳಗೆ ಮಿಷನ್ ಮೇಲೂ ಕೆಲಸ ಸಿಗುತ್ತಿತ್ತು. ನನಗೆ ಗೇಟೇ ಇಷ್ಟವಾಯಿತು. ಒಳಗಿದ್ದವರಿಗೆ ಒಂದೊಂದು ಮಿಷನ್, ನನಗೆ ಇಡೀ ಕಾರ್ಖಾನೆ. ಖಾಕಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿಕೊಂಡು, ರಿಜಿಸ್ಟರಿನ ಮುಂದೆ ಪೆನ್ನು ಹಿಡಿದು ನಿಂತರೆ, ದೊಡ್ಡ ಸಾಹೇಬರೂ ಹೆಸರು ಬರೆಸಿಯೇ ಹೋಗಬೇಕು.

ಒಂದು ವರ್ಷ ಆಯುಧಪೂಜೆಯ ದಿನ ಆಟೋದಲ್ಲಿ ಹದಿನೆಂಟು ಬೂದುಗುಂಬಳ ಬಂದವು. ಒಳಗೆ ಪುರೋಹಿತರು ಕಾಯುತ್ತಿದ್ದರು, ಮಿಷನ್‌ಗಳಿಗೆ ಹೂವು ಹಾಕಿ ಎಲ್ಲರೂ ಕೈಕಟ್ಟಿ ನಿಂತಿದ್ದರು. ಆಟೋದವನ ಬಳಿ ಚೀಟಿ ಇರಲಿಲ್ಲ. ನಾನು ಬಿಡಲಿಲ್ಲ. ಫೋರ್‌ಮನ್ ಓಡಿ ಬಂದು, "ಯೋವ್, ಕುಂಬಳಕಾಯಿಗೂ ಪಾಸ್ ಕೇಳ್ತೀಯಲ್ಲಾ, ನಿನ್ಗೇನ್ ಹುಚ್ಚಾ? ಮುಹೂರ್ತ ಹೋಗ್ಬುಟ್ತದೆ!" ಎಂದು ಕೂಗಾಡಿದ. ಮುಹೂರ್ತಕ್ಕೂ ಪಾಸ್ ಇದ್ದರೆ ತೋರಿಸಿ ಎಂದೆ. ಖರೀದಿ ವಿಭಾಗದವರು ರಜೆಯ ದಿನ ಮನೆಯಿಂದ ಬಂದು ಸಹಿ ಹಾಕಿದ ಮೇಲೆಯೇ ಹದಿನೆಂಟು ಕಾಯಿಗಳೂ ಒಳಗೆ ಹೋದವು, ನಾನು ಎಣಿಸಿದ ನಂತರ. ಆಮೇಲಿನಿಂದ ನನಗೆ 'ಕುಂಬಳಕಾಯಿ' ಎಂದೇ ಹೆಸರಾಯಿತು. ಬೇಜಾರು ಮಾಡಿಕೊಳ್ಳಲಿಲ್ಲ. ಕೆಲಸದಿಂದ ಬಂದ ಹೆಸರು ಅದು.

ಆದರೆ ಗೇಟಿನ ನಿಜವಾದ ಕೆಲಸ ಬರುವವರನ್ನು ತಡೆಯುವುದಲ್ಲ. ಹೊರಗಿನವನು ಒಳಗೆ ಬಂದು ಏನು ಮಾಡಿಯಾನು? ಹೊರಗೆ ಹೋಗುವವನ ಮೇಲೆ ಕಣ್ಣಿರಬೇಕು. ಊಟದ ಡಬ್ಬಿಯಲ್ಲಿ ಹಿತ್ತಾಳೆ ತುಂಡು, ಸೊಂಟಕ್ಕೆ ಸುತ್ತಿದ ತಾಮ್ರದ ತಂತಿ, ಎಲ್ಲ ಹೊರಟುಹೋಗುವುದು ಒಳಗಿನಿಂದಲೇ. ಪಾಸ್ ಇಲ್ಲದ ಒಂದು ಮೊಳೆಯೂ ಹೊರಗೆ ಹೋಗಬಾರದು. ಇದು ನನ್ನ ರಕ್ತದಲ್ಲಿ ಇಳಿದುಹೋಗಿತ್ತು.

ಇನ್ನೊಂದು ನಿಯಮ ರಿಜಿಸ್ಟರಿನದು. ತಪ್ಪು ಬರೆದರೆ ಕೆರೆಯಬಾರದು, ಅಳಿಸಬಾರದು. ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಹಾಳೆ ಹರಿಯುವುದಂತೂ ಎಲ್ಲಕ್ಕಿಂತ ದೊಡ್ಡ ಅಪರಾಧ. ನನ್ನ ಜೊತೆಗಿದ್ದ ಒಬ್ಬ ಕಾವಲುಗಾರ ಒಂದು ಹಾಳೆ ಹರಿದು ಕೆಲಸ ಕಳೆದುಕೊಂಡ. ಪುಟಸಂಖ್ಯೆ ನೋಡಿ ಅದನ್ನು ಪತ್ತೆಮಾಡಿ ಮೇಲಿನವರಿಗೆ ತಿಳಿಸಿದವನು ನಾನೇ.

ಈ ಕಾವಲಿನ ಹುಚ್ಚು ಎಲ್ಲಿಂದ ಬಂತು ಎಂದರೆ, ಅದಕ್ಕೆ ಇನ್ನೂ ಹಿಂದೆ ಹೋಗಬೇಕು. ನಮ್ಮ ಊರು ಜವಳಗಿರಿಯ ಕಾಡಿನ ಅಂಚಿನಲ್ಲಿ. ಅಪ್ಪನಿಗೆ ಒಂದಿಷ್ಟು ರಾಗಿ ಹೊಲ, ಸುತ್ತ ಜಾಲಿ ಮತ್ತು ಕಾರೆ ಮುಳ್ಳಿನ ಬೇಲಿ. ಆನೆ ಮನಸ್ಸು ಮಾಡಿದರೆ ಆ ಬೇಲಿ ಅದಕ್ಕೆ ಲೆಕ್ಕವಲ್ಲ. ಆದರೂ ಹಂದಿಗೆ, ಊರ ದನಕ್ಕೆ, ಪಕ್ಕದ ಹೊಲದವರ ಮೇಕೆಗೆ ಅದು ಬೇಕಿತ್ತು. ಬೇಲಿಯಲ್ಲಿ ಒಂದು ಕಡೆ ಓಡಾಡುವುದಕ್ಕೆ ಸಂದು ಬಿಟ್ಟು, ಅದಕ್ಕೆ ಬಿದಿರಿನ ತಡಿಕೆ ಕಟ್ಟಿರುತ್ತಿದ್ದರು. ನನಗೆ ಹತ್ತು ವರ್ಷವಿದ್ದಾಗ ಒಂದು ದಿನ ಆ ತಡಿಕೆ ಮುರಿದುಹೋಯಿತು. ಅಪ್ಪ, "ಒಸಿ ಮುಳ್ಳು ಅಡ್ಡ ಹಾಕಿರು ಕಣ್ಲಾ, ದನ ನುಗ್ಬುಡ್ತವೆ," ಎಂದು ಹೇಳಿ ಹೊಲದ ನಡುವಿನ ಹೊಂಗೆಮರದ ಕೆಳಗೆ ಟವೆಲು ಹಾಸಿ ಮಲಗಿದ.

ಒಸಿ ಮುಳ್ಳು ಎಂದರೆ ನನಗೆ ಸಾಲುತ್ತದೆಯೇ? ಎರಡು ಗಂಟೆ ಹೊತ್ತು ಮುಳ್ಳು ಎಳೆದು ತಂದು ಒಂದರ ಮೇಲೊಂದು ಹೇರಿ, ಕಲ್ಲು ಹೊತ್ತು ಹಾಕಿ, ಆ ಸಂದು ಎಲ್ಲಿತ್ತೆಂದೇ ತಿಳಿಯದಂತೆ ಮಾಡಿದೆ. ಕೈಯೆಲ್ಲ ರಕ್ತ. ಹೊರಗಡೆ ನಿಂತು ನನ್ನ ಕೆಲಸ ನಾನೇ ನೋಡಿ ಹಿಗ್ಗುತ್ತಿದ್ದೆ. ಅಪ್ಪ ಎದ್ದು ಬಂದು ಒಳಗಡೆ ನಿಂತು, ಬೇಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಬೇಲಿ ಬೋ ಚೆನ್ನಾಗದೆ ಕಣ್ಲಾ," ಎಂದ. "ನಾನೀಗ ಎತ್ಲಾಗಿಂದ ಬರ್ಲಿ?"

ಅದನ್ನು ಬಿಚ್ಚುವಾಗ ಅಪ್ಪನ ಅಂಗೈಗೆ ಮುಳ್ಳು ಮುರಿದು ಅವ್ವ ಪಿನ್ನಿನಿಂದ ಕೀಳಬೇಕಾಯಿತು. ಆದರೆ ಅಪ್ಪ ಬೈಯಲಿಲ್ಲ. ಸಾಯುವವರೆಗೂ ನೆಂಟರ ಮುಂದೆಲ್ಲ, "ನನ್ ಮಗ ಬೇಲಿ ಹಾಕುದ್ರೆ ಯಜಮಾನ್ನೂ ಬಿಡಾಕಿಲ್ಲ," ಎಂದು ಹೇಳಿಕೊಂಡು ತಿರುಗಿದ. ನಾನು ಅದರಲ್ಲಿ ಹೊಗಳಿಕೆಯನ್ನಷ್ಟೇ ಕೇಳಿಸಿಕೊಂಡು ದೊಡ್ಡವನಾದೆ. ಮಾತಿನಲ್ಲಿ ಇನ್ನೊಂದು ಭಾಗವೂ ಇತ್ತು.

ಈಗ ಕಂಪ್ಯೂಟರಿಗೆ ಬರೋಣ. ವನಜಾ ಮಾಲೂರಿನ ಕಡೆಯವಳು, ಬಿ.ಕಾಂ. ಓದಿದವಳು. ನನ್ನ ಮಗ ಮೂರು ಪಾಳಿಯಲ್ಲಿ ಲೇತ್ ಓಡಿಸುತ್ತಾನೆ, ಮನೆಯಲ್ಲಿ ಇದ್ದರೆ ನಿದ್ದೆಯಲ್ಲಿರುತ್ತಾನೆ. ಮನೆಯಲ್ಲೇ ಕೂತು ಏನಾದರೂ ಮಾಡಬೇಕೆಂದು ಸೊಸೆಯ ಹಟ. ಟೈಪಿಂಗ್ ಕಲಿತಳು. ಕನ್ನಡ ಮನೆಯದು, ತೆಲುಗು ತಾಯಿಯ ತವರಿನದು, ತಮಿಳನ್ನು ಇಲ್ಲಿಗೆ ಬಂದ ಮೇಲೆ ಬಸ್ಸಿನ ಬೋರ್ಡು ಓದಿ ಓದಿ ಕಲಿತದ್ದು. ಮೂರನ್ನೂ ಒಂದೇ ಓಟದಲ್ಲಿ ಟೈಪ್ ಮಾಡುವವರು ನಮ್ಮ ಕಡೆ ಯಾರೂ ಇರಲಿಲ್ಲ. ಇಲ್ಲಿ ಮದುವೆ ಎಂದರೆ ಗಂಡಿನ ಕಡೆಗೊಂದು ಭಾಷೆ, ಹೆಣ್ಣಿನ ಕಡೆಗೊಂದು ಭಾಷೆ, ಊರಿಗೊಂದು ಭಾಷೆ. ಲಗ್ನಪತ್ರಿಕೆ ಮೂರರಲ್ಲೂ ಆಗಬೇಕು. ಕೃಷ್ಣಗಿರಿ ಆಗ ಹೊಸದಾಗಿ ಜಿಲ್ಲೆಯಾಗಿತ್ತು. ಅಲ್ಲಿ ಪ್ರೆಸ್ ಇಟ್ಟಿದ್ದ ಷಣ್ಮುಗಂ ಎಂಬುವರು, "ಮೊದಲ ಕೆಲಸ ಮಾಡಿ ತೋರಿಸಮ್ಮಾ, ಸರಿಯಾಗಿದ್ದರೆ ಮೂರು ಭಾಷೆಯದೆಲ್ಲಾ ನಿನಗೇ," ಎಂದಿದ್ದರು.

ಕಂಪ್ಯೂಟರ್ ಜೋಡಿಸಿಕೊಟ್ಟವನು ಹೊಸೂರಿನ ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟಿರುವ ದಾಸ್. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು, ಆಮೇಲೆ ಟೀವಿ, ಆಮೇಲೆ ಇದು. ಇಂಟರ್ನೆಟ್ ಲೈನ್ ಬಂದ ದಿನ ಒಂದು ಸೀಡಿ ಹಾಕಿ, "ಫೈರ್‌ವಾಲ್ ಹಾಕ್ತಾ ಇದೀನಿ ಸಾರ್," ಎಂದ.

"ಅದೇನ್ ಮಾಡ್ತದೆ?" ಎಂದೆ.

"ನಿಮ್ ಕೆಲ್ಸಾನೇ ಸಾರ್. ಗೇಟಲ್ಲಿ ನಿಂತ್ಕೊಂಡು ಕೇಳ್ತದೆ. ಬಿಡು ಅಂತ ಒತ್ತುದ್ರೆ ಬಿಡ್ತದೆ, ಬೇಡ ಅಂತ ಒತ್ತುದ್ರೆ ನಿಲ್ಲುಸ್ತದೆ."

"ಬರೋರ್ನ ಮಾತ್ರಾನಾ?"

"ಒಳಗಿಂದ ಹೋಗೋರ್ನೂ ಕೇಳ್ತದೆ ಸಾರ್."

ನಾನು ಕುರ್ಚಿ ಎಳೆದುಕೊಂಡು ಕೂತೆ. ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಅನುಮತಿ ಕೇಳಿರಲಿಲ್ಲ. ಮನೆಗೆ ಬರುವ ಹಾಲಿನವನೂ ಜಯಮ್ಮನನ್ನೇ ಕೂಗುತ್ತಿದ್ದ. ಈಗ ಒಂದು ಯಂತ್ರ ಪರದೆಯ ಮೇಲೆ ಸಣ್ಣ ಪೆಟ್ಟಿಗೆಯೊಂದನ್ನು ತೆರೆದು, ಇಂಥವನು ಹೊರಗೆ ಹೋಗಬೇಕೆನ್ನುತ್ತಾನೆ, ಬಿಡಲೇ, ಬಿಡಬಾರದೇ ಎಂದು ಕೇಳುತ್ತಿದೆ!

ಮಾರನೆಯ ದಿನವೇ ಬಜಾರಿಗೆ ಹೋಗಿ ರಿಜಿಸ್ಟರ್ ತಂದೆ. ಗೆರೆ ಹಾಕಿ ಕಾಲಂ ಮಾಡಿದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು ನನ್ನ ಪಾಳಿ. ವನಜಾ ಟೈಪ್ ಮಾಡುತ್ತಿದ್ದರೆ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ, ಅವಳು ಎದ್ದರೆ ನಾನು ಅವಳ ಕುರ್ಚಿಗೆ ಹೋಗುತ್ತಿದ್ದೆ. ಪೆಟ್ಟಿಗೆ ಬಂದಾಗಲೆಲ್ಲ ಕನ್ನಡಕ ಸರಿಮಾಡಿಕೊಂಡು, ಅಕ್ಷರ ಅಕ್ಷರ ಕೂಡಿಸಿ ಓದಿ, ಡಿಕ್ಷನರಿ ನೋಡಿ, ತೀರ್ಪು ಕೊಟ್ಟು, ಬರೆದುಕೊಳ್ಳುತ್ತಿದ್ದೆ. ಅರವತ್ತೆರಡನೇ ವಯಸ್ಸಿನಲ್ಲಿ ಮೌಸ್ ಹಿಡಿಯಲು ಕಲಿತವನು ನಮ್ಮ ಬೀದಿಯಲ್ಲಿ ನಾನೊಬ್ಬನೇ.

"ಕಂಪ್ಯೂಟರ್ ತಂದಿದ್ದು ಸೊಸೆಗಾ, ನಿಮ್ಗಾ?" ಎಂದು ಜಯಮ್ಮ ಕೇಳಿದಳು.

"ಅವಳು ಕೆಲ್ಸ ಮಾಡ್ತಾಳೆ, ನಾನು ಕಾಯ್ತೀನಿ," ಎಂದೆ. ಎಷ್ಟು ಸುಖವಾದ ಮಾತು ಅದು, ನಿಮಗೆ ಹೇಗೆ ಹೇಳಲಿ!

ಷಣ್ಮುಗಂ ಅವರ ಮೊದಲ ಕೆಲಸ ಬಂತು. ಮಾವಿನಮಂಡಿಯ ಒಬ್ಬ ದೊಡ್ಡ ವ್ಯಾಪಾರಿಯ ಮಗಳ ಲಗ್ನಪತ್ರಿಕೆ. ಮೂರು ಭಾಷೆ, ಎರಡೂ ಕಡೆಯ ಹಿರಿಯರ ಹೆಸರುಗಳೇ ಒಂದೂವರೆ ಪುಟ. ಹನ್ನೆರಡು ಗಂಟೆಗೆ ಕರೆಂಟು ಹೋಗುತ್ತಿದ್ದ ದಿನಗಳು ಅವು. ಅದಕ್ಕೆ ಮುಂಚೆ ಪ್ರೆಸ್ಸಿಗೆ ತಲುಪಬೇಕು ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ವನಜಾ ಎರಡು ದಿನ ಕೂತು ಮಾಡಿದಳು. ಒಂದೊಂದು ಹೆಸರನ್ನೂ ಬೆರಳಿಟ್ಟು ಮೂರು ಸಲ ತಾಳೆ ನೋಡಿದಳು. ಮೇಲ್ ಕಳಿಸುವುದಕ್ಕೆಂದೇ ಒಂದು ಹೊಸ ಪ್ರೋಗ್ರಾಂ ಅನ್ನು ದಾಸ್ ಹಿಂದಿನ ಸಂಜೆಯಷ್ಟೇ ಹಾಕಿಕೊಟ್ಟು ಹೋಗಿದ್ದ. ಆ ಹೊತ್ತಿನಲ್ಲಿ ನಾನು ಮನೆಯಲ್ಲಿರಲಿಲ್ಲ.

ಬೆಳಿಗ್ಗೆ ಹತ್ತು ನಲವತ್ತಕ್ಕೆ ಅವಳು ಕಳಿಸುವ ಗುಂಡಿ ಒತ್ತಿದಳು. ಒತ್ತಿದ್ದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು, "ಅಯ್ಯೋ ಹಾಲು!" ಎಂದು ಎದ್ದು ಓಡಿದಳು. ನಾನು ಕುರ್ಚಿಗೆ ಸರಿದೆ. ಪೆಟ್ಟಿಗೆ ತೆರೆದುಕೊಂಡಿತು. ಯಾವುದೋ ಹೊಸ ಹೆಸರು. ಹಿಂದೆಂದೂ ಕಂಡಿರಲಿಲ್ಲ. ಒಳಗಿನಿಂದ ಹೊರಗೆ ಹೋಗಬೇಕಂತೆ.

ಒಳಗಿನಿಂದ ಹೊರಗೆ! ಪಾಸ್ ಇಲ್ಲದೆ!

ಬೇಡ ಎಂದು ಒತ್ತಿದೆ. ಕೆಳಗೆ 'ಈ ಉತ್ತರವನ್ನು ನೆನಪಿಡು' ಎಂಬರ್ಥದ ಒಂದು ಸಣ್ಣ ಚೌಕವಿತ್ತು, ಅದಕ್ಕೂ ಗುರುತು ಹಾಕಿದೆ. ಆಮೇಲೆ ಇನ್ನೊಂದು ಪೆಟ್ಟಿಗೆ ಬಂದು ಇಂಗ್ಲಿಷಿನಲ್ಲಿ ಏನೋ ಗೋಳಾಡಿತು. ತಡೆದವರು ಗೋಳಾಡುವುದು ಗೇಟಿನಲ್ಲಿ ದಿನಾ ನೋಡಿದ್ದೇ. ಅದನ್ನೂ ಮುಚ್ಚಿ, ಹದಿನೇಳನೇ ಪುಟದಲ್ಲಿ ಬರೆದೆ: "10-40. ಹೊರಗೆ ಹೋಗಲು ಬಂದದ್ದು. ಹೊಸ ಮುಖ. ಪಾಸ್ ಇಲ್ಲ. ತಡೆದೆ. ಮುಂದೆಯೂ ಬಿಡಕೂಡದೆಂದು ಸೂಚನೆ ಕೊಟ್ಟೆ." ಸಹಿ ಹಾಕಿ, ಒಂದು ಲೋಟ ಕಾಫಿ ಕುಡಿದೆ.

ಹನ್ನೆರಡೂವರೆಗೆ ಫೋನ್ ಬಂತು. ಷಣ್ಮುಗಂ ಅವರ ದನಿ ನನಗೂ ಕೇಳುತ್ತಿತ್ತು. "ಏನಮ್ಮಾ, ಒಂದೂ ವರಲಯೇ, ಏನೂ ಬಂದಿಲ್ವಲ್ಲಾ! ಪಾರ್ಟಿ ಎದುರಿಗೇ ಕೂತವ್ರೆ. ಕರೆಂಟೂ ಹೋಯ್ತು, ನನ್ ಮಾನಾನೂ ಹೋಯ್ತು. ಬೇರೆಯವ್ರಿಗೆ ಕೊಟ್ಬಿಟ್ಟೆ, ಬಿಡು."

ಫೋನ್ ಇಟ್ಟು ವನಜಾ ನನ್ನ ಕಡೆ ನೋಡಿದಳು. "ಕಳ್ಸಿದೆ ಮಾವ. ಒತ್ತಿದೆ ನಾನು."

ನಾನು ರಿಜಿಸ್ಟರಿನ ಕಡೆ ನೋಡಿದೆ. ಹತ್ತು ನಲವತ್ತು. ಆ ಕ್ಷಣದಲ್ಲೇ ನನಗೆ ಗೊತ್ತಾಯಿತು.

ಎರಡು ಗಂಟೆಗೆ ಕರೆಂಟು ಬಂದಾಗ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಅಳುವುದಕ್ಕೂ ಅದೇ ಜಾಗ. ನಾನು ಮೆಲ್ಲನೆ ಕಂಪ್ಯೂಟರ್ ಹಾಕಿ, ಫೈರ್‌ವಾಲಿನ ಪಟ್ಟಿ ತೆರೆದು, ಆ ಹೆಸರಿನ ಮುಂದಿದ್ದ ಕೆಂಪು ಗುರುತನ್ನು ಹಸಿರು ಮಾಡಿದೆ. ಮೇಲ್ ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ಷಣ್ಮುಗಂ ಮತ್ತೆ ಫೋನ್ ಮಾಡಿ, ಈಗ ಬಂತು, ಈಗ ಬಂದು ಏನು ಪ್ರಯೋಜನ ಎಂದರು.

ವನಜಾ ಕಂಪ್ಯೂಟರಿನ ಮುಂದೆ ನಿಂತು ತನ್ನ ಬಲಗೈಯ ಬೆರಳನ್ನೇ ನೋಡಿಕೊಂಡಳು. "ಒತ್ತಿದೆ ಅಂತ್ಲೇ ನೆಪ್ಪು ಮಾವ. ಒತ್ತಿಲ್ವೇನೋ."

ಇಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ. ಏನು ಹೇಳಿದೆ ಗೊತ್ತೇ? "ಇರ್ಬೋದಮ್ಮ. ಹಾಲಿನ್ ಗ್ಯಾನದಲ್ಲಿ ಎದ್ಬುಟ್ಟೆ ನೀನು," ಎಂದೆ.

ಸುಮ್ಮನಿದ್ದಿದ್ದರೆ ಅರ್ಧ ತಪ್ಪು. ನಾನು ಪೂರ್ತಿ ಮಾಡಿದೆ. ಇಪ್ಪತ್ತೇಳು ವರ್ಷ ಒಂದೂ ತಪ್ಪು ಮಾಡದ ಕುಂಬಳಕಾಯಿ ಮಾವ, ಮನೆಯ ಕಾವಲಿನಲ್ಲಿ ಮೂರನೇ ವಾರಕ್ಕೇ ಎಡವಿದ ಎಂದು ಸೊಸೆಯ ಮುಂದೆ ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ. ಸಂಜೆ ಆ ಹಾಳೆಯನ್ನು ಹರಿದೆ. ಹರಿದರೂ ಎಸೆಯಲು ಕೈ ಬರಲಿಲ್ಲ. ಮಡಿಚಿ, ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಇರುವ ಕವರಿನಲ್ಲಿ ಇಟ್ಟೆ.

ವನಜಾ ಕಂಪ್ಯೂಟರಿಗೆ ಹಳೆಯ ಸೀರೆಯ ತುಂಡೊಂದನ್ನು ಹೊದಿಸಿದಳು. "ನಂಗಿದು ಬರಾಕಿಲ್ಲ ಅತ್ತೆ. ದಾಸಣ್ಣಂಗೆ ಹೇಳಿ ವಾಪಸ್ ಕೊಟ್ಬುಡಾನ," ಎಂದು ಜಯಮ್ಮನ ಬಳಿ ಹೇಳುವುದು ಕೇಳಿಸಿತು. ಮೂರು ದಿನ ಆ ಸೀರೆತುಂಡು ಸರಿಯಲಿಲ್ಲ.

ನಾಲ್ಕನೇ ದಿನ, ಕಲೆಕ್ಟರ್ ಆಫೀಸಿನಲ್ಲಿ ಕೆಲಸವಿದೆ ಎಂದು ಇನ್ನೊಂದು ಸುಳ್ಳು ಹೇಳಿ, ಕೃಷ್ಣಗಿರಿಯ ಬಸ್ಸು ಹತ್ತಿದೆ. ಶೂಲಗಿರಿ ದಾಟುವವರೆಗೂ ಹೇಗೆ ಹೇಳುವುದೆಂದು ತಮಿಳಿನಲ್ಲಿ ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ರೌಂಡಾನಾ ಎಂದು ಕರೆಯುವ ವೃತ್ತದ ಹತ್ತಿರದ ಪ್ರೆಸ್ಸಿನಲ್ಲಿ ಷಣ್ಮುಗಂ ಕೂತಿದ್ದರು. ನನ್ನ ವಯಸ್ಸಿನವರೇ, ಬೆರಳುಗಳಿಗೆಲ್ಲ ಮಸಿ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ: ಗೇಟು, ಪಾಸು, ಹತ್ತು ನಲವತ್ತು, ಕೆಂಪು ಗುರುತು. ಹೊರಗಿನವರ ಮುಂದೆ ತಲೆ ತಗ್ಗಿಸುವುದು ಎಷ್ಟು ಸುಲಭ ಎಂದು ಆಶ್ಚರ್ಯವಾಯಿತು.

ಅವರು ಮೊದಲು ಕಣ್ಣರಳಿಸಿದರು. ಆಮೇಲೆ ಮೇಜು ತಟ್ಟಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಪೆರಿಯವರೇ, ಮರುಮಗಳ್‌ಕಿಟ್ಟ ಸೊಲ್ಲಿಟ್ಟೀಂಗಳಾ?" ಸೊಸೆಗೆ ಹೇಳಿದಿರಾ ಎಂದು.

"ಹೇಳ್ತೀನಿ," ಎಂದೆ.

ಅವರು ಒಂದು ಗೃಹಪ್ರವೇಶದ ಆಹ್ವಾನದ ಕಾಗದಗಳನ್ನು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಮನೆಗೆ ಬಂದು, ಷಣ್ಮುಗಂ ದಾರಿಯಲ್ಲಿ ಸಿಕ್ಕಿದ್ದರು, ಇನ್ನೊಂದು ಸಲ ನೋಡೋಣ ಅಂದರು ಎಂದೆ.

"ಮತ್ತೆ ತಪ್ಪು ಮಾಡುದ್ರೆ ಮಾವ?"

"ಮಾಡಲ್ಲ ನೀನು."

"ನಿಮ್ಗೆಂಗ್ ಗೊತ್ತು?"

ನನಗೆ ಗೊತ್ತಿತ್ತು. ಈ ಮನೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಅವಳು ಸೀರೆತುಂಡು ತೆಗೆದಳು. ಆಮೇಲಿನದೆಲ್ಲ ನಾನು ಎದೆ ಉಬ್ಬಿಸಿ ಹೇಳುವ ಕಥೆ. ಷಣ್ಮುಗಂ ಅವರ ಮೂರು ಭಾಷೆಯ ಕೆಲಸವೆಲ್ಲ ಅವಳದಾಯಿತು. ಇಂಗ್ಲಿಷ್ ಸೂಚನೆಗಳನ್ನು ಓದಿ, ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಫೈರ್‌ವಾಲಿಗೆ ತಾನೇ ಪಟ್ಟಿ ಮಾಡಿಕೊಟ್ಟಳು. ಪೆಟ್ಟಿಗೆಗಳು ಬರುವುದು ನಿಂತುಹೋಗಿ ನನ್ನ ಪಾಳಿಯೂ ಮುಗಿಯಿತು, ರಿಜಿಸ್ಟರ್ ಅಟ್ಟ ಸೇರಿತು. ಬೀದಿಯ ನಾಲ್ಕು ಮನೆಗೆ ಫೈರ್‌ವಾಲ್ ಹಾಕಿಕೊಟ್ಟವಳು ಅವಳೇ. ಕರೆಯಲು ಬಂದವರು ನನ್ನನ್ನು ದಾಟಿಕೊಂಡು "ವನಜಮ್ಮ ಇದಾರಾ?" ಎಂದು ಕೇಳಿದರೆ ನನಗೆ ಕಾರ್ಖಾನೆಯ ಸೈರನ್ ಕೇಳಿದಷ್ಟು ಖುಷಿ.

ಒಂದೇ ಒಂದು ಅಭ್ಯಾಸ ಉಳಿಯಿತು. ಏನನ್ನೇ ಕಳಿಸಲಿ, ಕಳಿಸಿದ ತಕ್ಷಣ ಅವಳು ಫೋನ್ ಎತ್ತಿ, "ಬಂತಾ ಸಾರ್? ಸರಿಯಾಗ್ ನೋಡಿ ಸಾರ್, ಬಂತಾ?" ಎಂದು ಕೇಳುತ್ತಾಳೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ. ಎಂಥ ಜವಾಬ್ದಾರಿಯ ಹೆಣ್ಣು ಎಂದು ಜನ ಹೊಗಳುತ್ತಾರೆ. ಷಣ್ಮುಗಂ ಮಾತ್ರ, ಫೋನಿಗೆ ನಾನು ಸಿಕ್ಕಾಗಲೆಲ್ಲ, "ಸೊಲ್ಲಿಟ್ಟೀಂಗಳಾ ಪೆರಿಯವರೇ?" ಎನ್ನುತ್ತಿದ್ದರು. "ಆಗ್ಲಿ, ಆಗ್ಲಿ," ಎಂದು ಫೋನ್ ಕೊಟ್ಟುಬಿಡುತ್ತಿದ್ದೆ.

ರಿಜಿಸ್ಟರ್ ಅಟ್ಟದಿಂದ ಇಳಿದ ಆ ವಾರವೇ ಎದುರುಮನೆಯ ಟೀಚರ್ ತಮ್ಮ ಹೊಸ ಕಂಪ್ಯೂಟರಿನ ವಿಷಯ ಕೇಳಲು ಬಂದರು. ನಾನು ಜಗುಲಿಯಲ್ಲಿದ್ದೆ. ಒಳಗಿನಿಂದ ಮಾತು ಕೇಳಿಸುತ್ತಿತ್ತು.

"ನೀವ್ಯಾಕೆ ಪ್ರತಿ ಸಲ ಫೋನ್ ಮಾಡಿ ಕೇಳ್ತೀರಾ ವನಜಾ?"

"ಒಂದ್ಸಲ ಒತ್ತಿದೀನಿ ಅನ್ಕಂಡು ಒತ್ದೇ ಹೋಗ್ಬುಟ್ಟಿದ್ದೆ ಟೀಚರ್. ಅವತ್ತಿಂದ ನನ್ ಕೈನ ನಾನೇ ನಂಬಲ್ಲ."

ನಾನು ಆ ಹೊತ್ತು ಊಟ ಮಾಡಲಿಲ್ಲ. ಪಾಸ್ ಇಲ್ಲದ ಒಂದು ಮೊಳೆಯನ್ನೂ ಹೊರಗೆ ಬಿಡದವನು, ನನ್ನ ಮನೆಯೊಳಗೇ ಒಬ್ಬಳ ನಂಬಿಕೆಯನ್ನು ಎತ್ತಿಕೊಂಡು ನಾಲ್ಕು ವರ್ಷ ಕವರಿನಲ್ಲಿ ಬಚ್ಚಿಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಕವರಿನಿಂದ ಹಾಳೆ ತೆಗೆದು, ಕಂಪ್ಯೂಟರಿನ ಮುಂದೆ ಕೂತಿದ್ದ ವನಜಾಳ ಕೀಬೋರ್ಡಿನ ಮೇಲೆ ಇಟ್ಟೆ. ಮಡಿಕೆಯ ಜಾಗದಲ್ಲಿ ಕಾಗದ ಹಳದಿಯಾಗಿತ್ತು. ಅವಳು ಓದಿದಳು. ಇನ್ನೊಂದು ಸಲ ಓದಿದಳು. ನಾನು ಗೇಟಿನಲ್ಲಿ ಸಿಕ್ಕಿಬಿದ್ದವರು ನಿಲ್ಲುವ ಹಾಗೆ ನಿಂತಿದ್ದೆ. ಆ ಭಂಗಿ ನನಗೆ ಚೆನ್ನಾಗಿ ಗೊತ್ತಿತ್ತು, ಎದುರಿನಿಂದ.

"ಹಂಗಾದ್ರೆ ನಾನು ಒತ್ತಿದ್ದೆ," ಎಂದಳು.

"ಒತ್ತಿದ್ದೆ ಕಣಮ್ಮ. ನಾನೇ ನೋಡ್ದೆ."

"ಒತ್ತಿದ್ದೆ ನಾನು." ಈ ಸಲ ಅವಳು ಹೇಳಿದ್ದು ನನಗಲ್ಲ. ಅವಳು ಕಣ್ಣು ತುಂಬಿಕೊಂಡು, ಬಲಗೈಯ ಬೆರಳನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನಾಕ್ ವರ್ಷ ಮಾವ," ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸವನ್ನು ಜಯಮ್ಮ ವಹಿಸಿಕೊಂಡಳು. "ಊರೋರ್ ಸೊಂಟಾನೆಲ್ಲಾ ತಡವಿದ್ದೇ ತಡವಿದ್ದು. ಕದ್ ಮಾಲು ನಿಮ್ ಸರ್ಟಿಪಿಕೇಟ್ ಕವರ್‌ನಾಗೇ ಇತ್ತು!" ಎಂದಳು.

ಎರಡು ದಿನ ವನಜಾ ನನ್ನ ಕಾಫಿಯನ್ನು ಜಯಮ್ಮನ ಕೈಯಲ್ಲೇ ಕಳಿಸಿದಳು. ಮೂರನೇ ದಿನ ರಿಜಿಸ್ಟರ್, ಗೋಂದು ಮತ್ತು ಪೆನ್ನು ತಂದು ನನ್ನ ಮುಂದೆ ಇಟ್ಟಳು. ಹಾಳೆಯನ್ನು ತಾನೇ ಹದಿನಾರು ಮತ್ತು ಹತ್ತೊಂಬತ್ತರ ನಡುವೆ ಅಂಟಿಸಿದಳು. "ನಿಮ್ ರೂಲ್ ಐತಲ್ಲ ಮಾವ, ತಿದ್ದಿ ಸಹಿ ಹಾಕಿ," ಎಂದಳು.

'ತಡೆದೆ' ಎಂಬುದರ ಮೇಲೆ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದೆ. ಕೆಳಗೆ ಬರೆದೆ: "ತಡೆದದ್ದು ನನ್ನ ತಪ್ಪು. ಸೊಸೆ ಸರಿಯಾದ ಸಮಯಕ್ಕೆ ಒತ್ತಿದ್ದಳು. ಕಣ್ಣಾರೆ ಕಂಡಿದ್ದೇನೆ." ಸಹಿ ಮಾಡಿದೆ. ಅವಳು ಅದನ್ನು ಲಗ್ನಪತ್ರಿಕೆ ತಾಳೆ ನೋಡುವ ಹಾಗೆ ಬೆರಳಿಟ್ಟು ನೋಡಿ, "ಟೈಮ್ ಹಾಕಿಲ್ಲ," ಎಂದಳು. ಹಾಕಿದೆ. ಆಮೇಲೆ ಕೆಳಗೆ ತಾನೂ ಸಹಿ ಮಾಡಿ, ಷಣ್ಮುಗಂ ಅವರಿಗೆ ಫೋನ್ ಮಾಡಿದಳು. "ಸಾರ್, ಅವತ್ತು ನಾನ್ ಕಳ್ಸಿದ್ದೆ ಸಾರ್." ಆ ಕಡೆಯಿಂದ, "ಅಪ್ಪಾಡಾ! ಪೆರಿಯವರು ಸೊಲ್ಲಿಟ್ಟಾರಾ!" ಎಂದು ಕೂಗಿದ್ದು ಜಗುಲಿಗೂ ಕೇಳಿತು.

ಈಗಲೂ ಅವಳು ಕೆಲಸ ಕಳಿಸಿದ ಮೇಲೆ ಫೋನ್ ಮಾಡುತ್ತಾಳೆ. ಆದರೆ ಬಂತಾ ಎಂದು ಕೇಳುವುದಿಲ್ಲ. "ಕಳ್ಸಿದೀನಿ ಸಾರ್, ನೋಡ್ಕಳಿ," ಎನ್ನುತ್ತಾಳೆ.

ಹೋದ ವಾರ ಫೈರ್‌ವಾಲಿನ ಪಟ್ಟಿಯನ್ನೊಮ್ಮೆ ನೋಡೋಣವೆಂದು ನಾನು ಕಂಪ್ಯೂಟರಿನ ಮುಂದೆ ಕೂತೆ. ಪಾಸ್‌ವರ್ಡ್ ಕೇಳಿತು. ಹಳೆಯದನ್ನು ಹಾಕಿದೆ, ತೆರೆಯಲಿಲ್ಲ. "ವನಜಾ, ಪಾಸ್‌ವರ್ಡ್ ಏನಮ್ಮ?" ಎಂದು ಕೂಗಿದೆ.

ಅವಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಇತ್ತು. "ಏನ್ ಕೆಲ್ಸ ಮಾವ? ಪಾಸ್ ಐತಾ?"

ಎಷ್ಟು ಕೇಳಿದರೂ ಹೇಳಲಿಲ್ಲ. ನಾನು ಮಾವ, ಈ ಮನೆಯ ಹಿರಿಯ, ಇಪ್ಪತ್ತೇಳು ವರ್ಷ ಗೇಟು ಕಾದವನು. ಯಾವುದೂ ನಡೆಯಲಿಲ್ಲ. ಅಂದು ಬೇಲಿಯೊಳಗೆ ಸಿಕ್ಕಿಕೊಂಡ ಅಪ್ಪ ನನ್ನನ್ನು ಏಕೆ ಬೈಯಲಿಲ್ಲವೆಂದು ಆಗ ಅರ್ಥವಾಯಿತು. ಈಗ ನಾನೂ ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ: ನಮ್ಮ ವನಜಾ ಕಾವಲು ಕೂತರೆ ಯಜಮಾನನನ್ನೂ ಬಿಡುವುದಿಲ್ಲ.